ಹಾರ್ಡನರ್: ಹೆಸರು ಒಂದೇ, ವಸ್ತು ಎರಡು

"ಬೇಗ ಗಟ್ಟಿಯಾಗಬೇಕಾ? ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ." ಮನೆಯಲ್ಲೇ ದೊಡ್ಡ ಫೈಬರ್‌ಗ್ಲಾಸ್ ದೋಣಿ ಕಟ್ಟಲು ಹೊರಟವರಿಗೆ ಈ ಸಲಹೆ ಕೊಟ್ಟಿದ್ದನ್ನು ಮೊನ್ನೆ ಮತ್ತೆ ನೋಡಿದೆ. ಗಾಜಿನ ನಾರಿನ ಬಟ್ಟೆಗೆ ಬಳಿಯುವ, ಆಮೇಲೆ ಗಟ್ಟಿಯಾಗುವ ಅಂಟುದ್ರವವೇ ರೆಸಿನ್; ಅದು ಗಟ್ಟಿಯಾಗಲೆಂದು ಬೆರೆಸುವುದನ್ನು ಹಾರ್ಡನರ್ ಅನ್ನುತ್ತಾರೆ. ಯಾವ ರೆಸಿನ್ ಅಂತ ಒಬ್ಬರೂ ಕೇಳಿರಲಿಲ್ಲ. ಸಣ್ಣ ತೇಪೆಯಲ್ಲಿ ಎಡವಟ್ಟಾದರೆ ಕಿತ್ತು ಮತ್ತೆ ಹಾಕಬಹುದು. ಹತ್ತು ಮೀಟರ್ ಉದ್ದದ ಒಡಲಿನಲ್ಲಿ ಒಂದು ಪದರ ಮೆತ್ತಗೇ ಉಳಿದರೆ ದಿನಗಟ್ಟಲೆ ಕೆರೆಯಬೇಕು. ಅದರ ಮೇಲೆ ಇನ್ನೊಂದು ಪದರ ಕೂತಿದ್ದರಂತೂ ಮುಗಿಯಿತು.

ಹಾರ್ಡನರ್ ಅನ್ನುವ ಮಾತು ಸರಿಯಾಗಿ ಹೊಂದುವುದು ಎಪಾಕ್ಸಿ ಎಂಬ ರೆಸಿನ್ನಿಗೆ. ಅಲ್ಲಿ ಅದು ಸಾಮಾನ್ಯವಾಗಿ ಅಮೈನ್ ಜಾತಿಯ ರಾಸಾಯನಿಕ. ರೆಸಿನ್ನಿನ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಬೆಸೆದ ಮೇಲೆ ತಾನೂ ಅಲ್ಲೇ ಉಳಿಯುತ್ತದೆ. ಗಟ್ಟಿಯಾದ ದೋಣಿಯಲ್ಲಿ ಅದರದ್ದೂ ಪಾಲಿದೆ. ಹಾಗಾಗಿ ಡಬ್ಬಿಯ ಮೇಲೆ 2ಕ್ಕೆ 1, 5ಕ್ಕೆ 1 ಅಂತ ಬರೆದಿದ್ದರೆ ಅಷ್ಟೇ ಹಾಕಬೇಕು. ಜಾಸ್ತಿಯಾದರೆ ಜೋಡಿ ಸಿಗದ ಅಮೈನ್ ಒಳಗೇ ಉಳಿದು ಪದರದ ಬಲ ಕುಗ್ಗುತ್ತದೆ. ಕಡಿಮೆಯಾದರೆ ರೆಸಿನ್ ಹಾಗೇ ಉಳಿಯುತ್ತದೆ. ಬೇಗ ಆಗಬೇಕೆಂದರೆ ಅದೇ ರೆಸಿನ್ನಿಗೆ ಹೊಂದುವ ಫಾಸ್ಟ್ ಹಾರ್ಡನರ್ ತನ್ನಿ, ಇಲ್ಲವೇ ಕೆಲಸದ ಜಾಗ ಬೆಚ್ಚಗಿಡಿ.

ಪಾಲಿಯೆಸ್ಟರ್ ರೆಸಿನ್ನಿನ ಕಥೆಯೇ ಬೇರೆ. ಅದಕ್ಕೆ ಹಾಕುವುದು ಎಂಇಕೆಪಿ ಎಂಬ ಪೆರಾಕ್ಸೈಡ್. ಅಣುಗಳನ್ನು ಬೆಸೆಯುವ ಸ್ಟೈರೀನ್ ರೆಸಿನ್ನಿನಲ್ಲೇ ಇರುತ್ತದೆ. ಎಂಇಕೆಪಿ ಒಡೆದು ಆ ಕ್ರಿಯೆಯನ್ನು ಶುರು ಮಾಡಿಕೊಡುತ್ತದೆ, ಅಷ್ಟೇ. ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 1ರಿಂದ 2, ಅಂದರೆ ಒಂದು ಕೆಜಿಗೆ 10ರಿಂದ 20 ಗ್ರಾಂ. ತಯಾರಕರು ಹೇಳಿದ ಮಿತಿಯೊಳಗೆ ಸೆಕೆಗೆ ಕಡಿಮೆ, ಚಳಿಗೆ ಜಾಸ್ತಿ ಮಾಡಬಹುದು. "ಸ್ವಲ್ಪ ಜಾಸ್ತಿ ಹಾಕಿ" ಅನ್ನುವುದಕ್ಕೆ ಅರ್ಥ ಇರುವುದು ಇಲ್ಲಿ ಮಾತ್ರ. ಎರಡನ್ನೂ ಹಾರ್ಡನರ್ ಎಂದು ಕರೆದಿದ್ದಕ್ಕೆ ಸಲಹೆ ಎಪಾಕ್ಸಿಗೂ ಅಂಟಿಕೊಂಡಿತು. ಪಾಲಿಯೆಸ್ಟರ್‌ನಲ್ಲೂ ಮಿತಿ ದಾಟಿದರೆ ದಪ್ಪ ಪದರ ಕಾದು ಬಿರುಕು ಬಿಡುತ್ತದೆ. ಬಕೆಟ್ಟಿನಲ್ಲೇ ಉಳಿದ ರೆಸಿನ್ ಹೊಗೆಯಾಡುವಷ್ಟು ಬಿಸಿಯಾಗುತ್ತದೆ. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಂಡರೆ ಶಾಖ ಹೊರಗೆ ಹೋಗುತ್ತದೆ, ಕೈಗೂ ಸಮಯ ಸಿಗುತ್ತದೆ.

ಎಂಇಕೆಪಿಯನ್ನು ಕ್ಯಾಟಲಿಸ್ಟ್ ಅಂತಲೂ ಕರೆಯುತ್ತಾರೆ. ಕ್ಯಾಟಲಿಸಿಸ್ ಎಂಬ ಮಾತನ್ನು ರಸಾಯನಶಾಸ್ತ್ರಕ್ಕೆ 1835ರಲ್ಲಿ ತಂದವರು ಸ್ವೀಡನ್ನಿನ ಬರ್ಜೀಲಿಯಸ್. ಮೂಲ ಗ್ರೀಕ್, 'ಸಡಿಲಿಸುವುದು' ಎಂಬ ಅರ್ಥ. ಕ್ಯಾಟಲಿಸ್ಟ್ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡಬೇಕು. ಎಂಇಕೆಪಿ ಖರ್ಚಾಗುತ್ತದೆ. ಹಾಗಾಗಿ ಅದಕ್ಕೆ ಸಲ್ಲುವ ಹೆಸರು ಇನಿಷಿಯೇಟರ್, ಅಂದರೆ ಶುರು ಮಾಡುವಂಥದ್ದು. ಕೆಲಸದ ಜಾಗದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ, ಕ್ಯಾಟಲಿಸ್ಟ್ ಅಂದರೂ ನಡೆಯುತ್ತದೆ.

ನಡೆಯದೇ ಇರುವುದು ಕ್ಯಾಟಲಿಸ್ಟ್‌ಗೆ ಬಳಸುವ 'ವೇಗವರ್ಧಕ' ಎಂಬ ಕನ್ನಡ ಪದ. ಪಾಲಿಯೆಸ್ಟರ್‌ಗೆ ಬೇಕಾದ ಮೂರನೆಯದೊಂದಿದೆ: ಎಂಇಕೆಪಿ ಬೇಗ ಒಡೆಯುವಂತೆ ಮಾಡುವ ಆಕ್ಸಿಲರೇಟರ್, ಸಾಮಾನ್ಯವಾಗಿ ಕೋಬಾಲ್ಟ್ ದ್ರಾವಣ. ಅದಕ್ಕೂ ವೇಗವರ್ಧಕ, ಎಂಇಕೆಪಿಗೂ ವೇಗವರ್ಧಕ ಅಂತ ಬರೆದರೆ ಓದಿದವರು ಎರಡನ್ನೂ ಒಂದೇ ಲೋಟಕ್ಕೆ ಸುರಿದಾರು. ಇವೆರಡೂ ನೇರವಾಗಿ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಬೇಕು, ಆಮೇಲೆ ಎಂಇಕೆಪಿ. ಎಷ್ಟೋ ರೆಸಿನ್‌ಗಳಲ್ಲಿ ಕೋಬಾಲ್ಟ್ ಮೊದಲೇ ಸೇರಿರುತ್ತದೆ. ದಯವಿಟ್ಟು ಕೋಬಾಲ್ಟ್, ಎಂಇಕೆಪಿ ಅಂತಲೇ ಬರೆಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕವೂ ಇರಲಿ, ಎಂಇಕೆಪಿ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಇಷ್ಟಾದ ಮೇಲೂ "ಮೇಲ್ಭಾಗ ಒಣಗಿಲ್ಲ, ಅಂಟಂಟು, ಹಾರ್ಡನರ್ ಸಾಲಲಿಲ್ಲ" ಅನ್ನುತ್ತಾರೆ. ರೆಸಿನ್ ಬಟ್ಟೆಯ ಹಾಗೆ ಒಣಗುವುದಿಲ್ಲ, ಕ್ಯೂರ್ ಆಗುತ್ತದೆ, ಅಂದರೆ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಪಾಲಿಯೆಸ್ಟರ್ ಪದರದ ಮೈ ಅಂಟಾಗಿರುವುದು ಗಾಳಿಯ ಆಮ್ಲಜನಕ ಕ್ರಿಯೆಯನ್ನು ತಡೆಯುವುದರಿಂದ. ಒಳಗೆ ಗಟ್ಟಿಯಾಗಿದ್ದರೆ ಆ ಅಂಟು ಒಳ್ಳೆಯದೇ, ಮುಂದಿನ ಪದರ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕೊನೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರೆಸಿನ್ ಬಳಿಯಬೇಕು. ಮೇಣ ಮೇಲೆ ತೇಲಿ ಗಾಳಿಯನ್ನು ತಡೆಯುತ್ತದೆ, ಅಂಟು ಹೋಗುತ್ತದೆ.