ಅತಿಥಿ ಮೊಲಕ್ಕೊಂದು ಗೂಡು

ಮಾಲೀಕರು ಪ್ರವಾಸ ಹೋದಾಗ ಅವರ ಮೊಲವನ್ನೋ ಗಿನಿ ಹಂದಿಯನ್ನೋ ಇಟ್ಟುಕೊಂಡು ನೋಡಿಕೊಳ್ಳಲು ಮನೆಯೊಳಗೆ ಗೂಡು ಕಟ್ಟುತ್ತೀರಿ ಅಂದುಕೊಳ್ಳಿ. ಮೊದಲು ಕೈಗೆ ಬರುವುದು ಅಳತೆಯ ಟೇಪು. ಅದೂ ಬೇಕು. ಮೊಲ ಮೂರು ಸಲವಾದರೂ ಜಿಗಿಯುವಷ್ಟು ಉದ್ದ, ಹಿಂಗಾಲ ಮೇಲೆ ಎದ್ದು ನಿಂತರೂ ಕಿವಿ ತಾಗದಷ್ಟು ಎತ್ತರ ಇರಲೇಬೇಕು. ಆದರೆ ಬೋರ್ಡಿಂಗ್ ಗೂಡಿಗೆ ಇನ್ನೊಂದು ತಲೆನೋವಿದೆ. ಪಕ್ಕದಲ್ಲಿ ಪರಿಚಯವಿಲ್ಲದ ಪ್ರಾಣಿ ಇದೆ. ಹೋದ ವಾರ ಇದೇ ಗೂಡಿನಲ್ಲಿ ಬೇರೊಂದು ಇತ್ತು. ಅವುಗಳ ವಾಸನೆ, ಸದ್ದು, ರೋಗಾಣು ಇದರ ತನಕ ಬಾರದಂತೆ ತಡೆಯುವುದೇ ಇಲ್ಲಿ ನಿಜವಾದ ಕೆಲಸ.

ಮೊಲ ಬೇಟೆಗೆ ಸಿಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡೂ ಬದಿಗೆ ಇರುವುದರಿಂದ ಸುತ್ತಲಿನ ಹೆಚ್ಚುಕಮ್ಮಿ 360 ಡಿಗ್ರಿಯೂ ಕಾಣುತ್ತದೆ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ನಿಂತರೆ ಅದರದ್ದು 49,000ದ ಹತ್ತಿರ ಹೋಗುತ್ತದೆ. ಹಾಗಾಗಿ ನಮಗೆ ಸದ್ದೇ ಇಲ್ಲ ಅನಿಸುವ ಕೋಣೆಯಲ್ಲಿ ಯಾವುದೋ ಯಂತ್ರದ ಸಣ್ಣ ಕೀರಲು ಸದ್ದು ಅದಕ್ಕೆ ಕೇಳಿಸುತ್ತಿರಬಹುದು. ನಾಯಿ, ಬೆಕ್ಕು ಕಣ್ಣಿಗೆ ಬೀಳದಿದ್ದರೂ ಅವುಗಳ ವಾಸನೆಯೇ ಸಾಕು, ಮೊಲ ಹೆದರುತ್ತದೆ.

ಹೆದರಿದರೆ ಏನಾಯ್ತು, ಎರಡು ದಿನದಲ್ಲಿ ಸರಿಹೋಗುತ್ತದೆ ಬಿಡಿ ಅನ್ನುವಂತಿಲ್ಲ. ಹೆದರಿದ ಮೊಲ ಮೇವು ಬಿಡುತ್ತದೆ. ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗುತ್ತದೆ, ಕೊನೆಗೆ ನಿಂತೇಹೋಗಬಹುದು. ಅರ್ಧ ದಿನ ಏನೂ ತಿನ್ನದ ಮೊಲವನ್ನು ಪಶುವೈದ್ಯರ ಬಳಿ ಒಯ್ಯುವುದೇ ಸರಿ. ಆದ್ದರಿಂದ ಪ್ರತಿ ಗೂಡಿನಲ್ಲೂ ಅಡಗಲು ಒಂದು ಪೆಟ್ಟಿಗೆ ಬೇಕು. ಅದಕ್ಕೆ ಎರಡು ಬಾಗಿಲಿರಲಿ. ಒಂದೇ ಇದ್ದರೆ ಅಡಗುದಾಣ ಬೋನಾಗುತ್ತದೆ. ಗೂಡಿನ ಬಾಗಿಲು ಮುಂಭಾಗದಲ್ಲಿರಲಿ. ಮೇಲಿನಿಂದ ಇಳಿದು ಬರುವ ಕೈಯನ್ನು ಕಂಡರೆ ಮೊಲ ಹದ್ದು ಎರಗಿತೇನೋ ಎಂಬಂತೆ ಬೆಚ್ಚುತ್ತದೆ. ಹಿಕ್ಕೆ ಒಂದೇ ನೋಟಕ್ಕೆ ಕಾಣುವಂತಿರಲಿ. ಹಿಕ್ಕೆ ಸಣ್ಣದಾದರೆ, ಕಡಿಮೆಯಾದರೆ ಹೊಟ್ಟೆ ಕೆಟ್ಟಿದೆ ಎಂದು ಬೇಗ ಗೊತ್ತಾಗುತ್ತದೆ.

ತಂತಿ ಜಾಲರಿಯ ನೆಲ ಬೇಡವೇ ಬೇಡ. ನಾಯಿಗಿರುವಂಥ ಮೆತ್ತೆ ಮೊಲದ ಪಾದದಲ್ಲಿಲ್ಲ, ಬರೀ ಕೂದಲು. ಜಾಲರಿಯ ಮೇಲೆ ಕೂತೂ ಕೂತೂ ಹಿಂಗಾಲು ಹುಣ್ಣಾಗುತ್ತದೆ. ಗಟ್ಟಿ ನೆಲ ಹಾಕಿ, ಮೇಲೆ ದಪ್ಪಗೆ ಒಣಹುಲ್ಲು ಹರಡಿ.

ಗಟ್ಟಿ ನೆಲ ಅಂದಮೇಲೆ ಮೂತ್ರದ ಸಮಸ್ಯೆ ಇದ್ದೇ ಇದೆ. ಬರಿಯ ಪ್ಲೈವುಡ್ ಅದನ್ನು ಹೀರಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ನಾವು ಎತ್ತರದಲ್ಲಿ ನಿಂತು ಉಸಿರಾಡುತ್ತೇವೆ, ಮೊಲದ ಮೂಗು ಇರುವುದು ಹಾಸಿನ ಮೇಲೆಯೇ. ಅದು ಉಸಿರಾಡುವುದೂ ಮೂಗಿನಿಂದ ಮಾತ್ರ. ನಿಮಗೇ ಘಾಟು ಬಂತೆಂದರೆ ಅದಕ್ಕೆ ಆಗಲೇ ಜಾಸ್ತಿಯಾಗಿದೆ. ಆದ್ದರಿಂದ ನೀರು ಹೀರದ ಹಾಳೆಯನ್ನೇ ನೆಲಕ್ಕೆ ಹಾಕಬೇಕು. ಸಂದು ಮುಚ್ಚಬೇಕು, ಅಂಚಿಗೆ ಲೋಹದ ಪಟ್ಟಿ ಹೊಡೆಯಬೇಕು. ಪಟ್ಟಿ ಯಾಕೆ ಅಂದರೆ, ಮೊಲದ ಮುಂಭಾಗದ ಹಲ್ಲುಗಳು ಜೀವಮಾನವಿಡೀ ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತವೆ. ಕಡಿಯಲು ಅಂಚು ಸಿಕ್ಕರೆ ಬಿಡುವುದಿಲ್ಲ. ನೆಲದಲ್ಲಿ ಬಿಳಿ ಕರೆ ಕಟ್ಟಿದರೆ ಗಾಬರಿ ಬೇಡ. ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೊಲ ಮೂತ್ರದಲ್ಲೇ ಹೊರಹಾಕುತ್ತದೆ. ವಿನೆಗರ್ ಹಚ್ಚಿದರೆ ಕರಗುತ್ತದೆ.

ಗೂಡುಗಳ ನಡುವಿನ ಗೋಡೆ ಮಾತ್ರ ಪೂರ್ತಿ ಮುಚ್ಚಿರಬೇಕು, ಗಾಳಿ ಜಾಲರಿಯ ಮುಂಭಾಗದಿಂದ ಆಡಲಿ. ಮೊಲವನ್ನೂ ಗಿನಿ ಹಂದಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡುವುದು ಕ್ಷೇಮ. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮೊಲದ ಮೂಗಿನಲ್ಲಿ ಏನೂ ಮಾಡದೆ ಇರಬಲ್ಲದು, ಗಿನಿ ಹಂದಿಗೆ ಅದೇ ನ್ಯುಮೋನಿಯಾ ತರುತ್ತದೆ. ಇದಕ್ಕಿಂತ ಭಯಂಕರವಾದದ್ದು 1984ರಲ್ಲಿ ಚೀನಾದಲ್ಲಿ ಮೊದಲು ಕಂಡ ಮೊಲಗಳ ರಕ್ತಸ್ರಾವದ ಕಾಯಿಲೆ. ಅದರ ವೈರಸ್ ಬಟ್ಟೆಯ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯಬಲ್ಲದು. ಲಸಿಕೆ ಸಿಗುವ ಕಡೆ, ಲಸಿಕೆ ಹಾಕಿಸದ ಮೊಲವನ್ನು ಸೇರಿಸಿಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. ಒಂದು ಮೊಲ ಹೋದಮೇಲೆ ಮೊದಲು ಕೊಳೆ ತೊಳೆಯಬೇಕು, ಆಮೇಲೆ ನೀರು ಬೆರೆಸಿದ ಬ್ಲೀಚ್ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಕೊಳೆಯ ಮೇಲೇ ಹಚ್ಚಿದರೆ ಬ್ಲೀಚಿನ ಶಕ್ತಿ ಕೊಳೆಯ ಜೊತೆಗೇ ಮುಗಿದುಹೋಗುತ್ತದೆ.

ಮನೆಯ ವಾಸನೆ ಇರುವ ಹಳೆಯ ಬಟ್ಟೆಯೊಂದನ್ನು ಜೊತೆಗೆ ಕಳಿಸಿ ಎಂದು ಮಾಲೀಕರಿಗೆ ಹೇಳುವ ರೂಢಿಯಿದೆ. ಒಳ್ಳೆಯದೇ, ಪರಿಚಿತ ವಾಸನೆಯಿಂದ ಮೊಲಕ್ಕೆ ಧೈರ್ಯ ಬರುತ್ತದೆ. ಆದರೆ ಆ ಬಟ್ಟೆ ಆ ಒಂದು ಗೂಡಿನಲ್ಲೇ ಇದ್ದು, ಅದೇ ಮೊಲದ ಜೊತೆ ವಾಪಸ್ ಹೋಗಬೇಕು.