ಜೇಮ್ಸ್‌ಟೌನ್ ಬಾವಿಯ ಸವುಳು ನೀರು

ಕರಾವಳಿಯಲ್ಲಿ ಯಾರಾದರೂ ಬಾವಿ ನೋಡಲು ಕರೆದರೆ ನಾನು ಮೊದಲು ಉಪ್ಪು ಅಳೆಯುವ ಮೀಟರ್ ಹೊರಗೆ ತೆಗೆಯುವುದಿಲ್ಲ. ಮನೆಯವರನ್ನು ಕೇಳುತ್ತೇನೆ, ನೀರು ಸವುಳಾಗುವುದು ಯಾವ ತಿಂಗಳಲ್ಲಿ ಅಂತ. ಡಿಸೆಂಬರ್‌ನಲ್ಲಿ ಎಳನೀರಿನ ಹಾಗೆ ಇದ್ದ ಬಾವಿ ಏಪ್ರಿಲ್‌ಗೆ ಬಂದರೆ, ಅದೇ ನೀರಲ್ಲಿ ಮಾಡಿದ ಚಹಾ ಬಾಯಿಗೆ ಇಡಲು ಆಗುವುದಿಲ್ಲ. ಭೂಜಲದ ಕೆಲಸ ಮಾಡುವವರಿಗೆ ಇದು ದಿನದ ಮಾತು. ಅಮೆರಿಕದ ಮೊದಲ ಇಂಗ್ಲಿಷ್ ವಸಾಹತುಗಳಲ್ಲಿ ಕೊನೆಗೂ ನಿಂತ ಊರು ಜೇಮ್ಸ್‌ಟೌನ್. ಅದರ ಕಥೆ ಓದುವಾಗಲೂ ನನಗೆ ಮೊದಲು ಬಂದದ್ದು ಇದೇ ಪ್ರಶ್ನೆ.

ಅವರು ಬಂದದ್ದು 1607ರ ಮೇ ತಿಂಗಳಲ್ಲಿ. ಲಂಡನ್ನಿನ ವರ್ಜೀನಿಯಾ ಕಂಪನಿ ಕಳಿಸಿದ ಮೂರು ಹಡಗು, ಉಳಿಯಲು ಬಂದವರು 104 ಗಂಡಸರು ಮತ್ತು ಹುಡುಗರು. ಜೇಮ್ಸ್ ನದಿಯ ದಡದಲ್ಲಿ ಒಂದು ಜಾಗ ಸಿಕ್ಕಿತು. ಹಡಗನ್ನು ದಡದ ಮರಕ್ಕೇ ಕಟ್ಟಬಹುದು, ನೀರು ಅಷ್ಟು ಆಳ. ಸ್ಪೇನಿನವರು ದಾಳಿಗೆ ಬಂದರೆ ತಡೆಯುವುದೂ ಸುಲಭ. ತಗ್ಗಿನ, ಜೌಗು ಜಾಗದಲ್ಲಿ ಊರು ಕಟ್ಟಬೇಡಿ ಅಂತ ಕಂಪನಿ ಬರೆದೇ ಕೊಟ್ಟಿತ್ತು, ಆದರೂ ಹಡಗಿನ ಅನುಕೂಲವೇ ಗೆದ್ದಿತು. ಅದು ಪಾಸ್ಪಹೆಗ್ ಅನ್ನುವ ಸ್ಥಳೀಯ ಬುಡಕಟ್ಟಿನ ಜನರ ನೆಲ, ಆದರೆ ಆ ಜಾಗದಲ್ಲಿ ಅವರ ಮನೆಗಳು ಇರಲಿಲ್ಲ. ಹೊಸ ಊರಿಗೆ ಹೋದಾಗ ನೀರಿನ ಪಕ್ಕದಲ್ಲೇ ಒಳ್ಳೆ ಜಾಗ ಖಾಲಿ ಬಿದ್ದಿದ್ದರೆ ನಾನು ಸ್ವಲ್ಪ ಹೆದರುತ್ತೇನೆ, ಊರವರಿಗೆ ಏನೋ ಗೊತ್ತಿರುತ್ತದೆ ಅಲ್ವಾ.

ಅಲ್ಲಿ ಬೇಸಿಗೆ ಬಂದರೆ ನದಿಯ ಹರಿವು ಇಳಿಯುತ್ತದೆ. ಹರಿವು ಇಳಿದರೆ ಸಮುದ್ರದ ಉಪ್ಪು ಮೇಲಕ್ಕೆ ಹತ್ತುತ್ತದೆ. ಉಪ್ಪುನೀರು, ಸಿಹಿನೀರು ಸೇರುವ ಕಡೆ ಕೊಳೆ ಕೊಚ್ಚಿಕೊಂಡು ಹೋಗುವುದಿಲ್ಲ, ಉಬ್ಬರ ಇಳಿತಕ್ಕೆ ಸುಮ್ನೆ ಹಿಂದೆ ಮುಂದೆ ಓಡಾಡುತ್ತದೆ. ಊರಿನ ಹೊಲಸು ಹೋಗಿ ಬಿದ್ದದ್ದೂ, ಕುಡಿಯಲು ಎತ್ತಿದ್ದೂ ಅದೇ ನೀರು. ಆ ಗುಂಪಿನಲ್ಲಿದ್ದ ಜಾರ್ಜ್ ಪರ್ಸಿ ಬರೆದಿಟ್ಟಿದ್ದಾನೆ: ನದಿ ನೀರು ಉಬ್ಬರದಲ್ಲಿ ತುಂಬಾ ಉಪ್ಪು, ಇಳಿತದಲ್ಲಿ ಪೂರ್ತಿ ಲೋಳೆ ಮತ್ತು ಕೊಳೆ. ಅವನು ಸತ್ತವರ ಪಟ್ಟಿಯನ್ನೂ ಇಟ್ಟಿದ್ದ. ಆಗಸ್ಟ್ 6ರಂದು ಒಬ್ಬ ರಕ್ತಭೇದಿಯಿಂದ, 9ರಂದು ಇನ್ನೊಬ್ಬ ಮೈ ಬಾತು, 10ರಂದು ಮತ್ತೊಬ್ಬ ಸ್ಥಳೀಯರು ಮಾಡಿದ ಗಾಯದಿಂದ. ಈ ಮೂರು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಮೈ ಬಾತುಕೊಳ್ಳುವುದಕ್ಕೆ ಸವುಳು ನೀರು ಕಾರಣ ಅಂತ ಎಷ್ಟೋ ತಜ್ಞರು ಹೇಳುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. 1608ರ ಜನವರಿಗೆ ಬದುಕಿದ್ದವರು 38 ಜನ.

ಅಷ್ಟಾದರೂ ಉಳಿದದ್ದು ಯಾರಿಂದ ಗೊತ್ತಾ? ತಾವು ಶತ್ರುಗಳು ಅಂದುಕೊಂಡವರೇ ರೊಟ್ಟಿ, ಮೆಕ್ಕೆಜೋಳ, ಮೀನು, ಮಾಂಸ ತಂದು ಕೊಟ್ಟರು ಅಂತ ಪರ್ಸಿಯೇ ಬರೆಯುತ್ತಾನೆ. ಆ ಸೀಮೆಯ ದೊಡ್ಡ ದೊರೆ ಪೊವ್ಹಾಟನ್, ಅವನ ಕೈಕೆಳಗೆ ಸುಮಾರು 30 ಬುಡಕಟ್ಟುಗಳು. ಅವರಿಗೆ ಬೇಕಾಗಿದ್ದದ್ದು ತಾಮ್ರ, ಇವರಿಗೆ ಮೆಕ್ಕೆಜೋಳ. ವ್ಯಾಪಾರ ಚೆನ್ನಾಗಿಯೇ ಶುರುವಾಯಿತು. ಆದರೆ ಎರಡನೇ ಸಲ ಹಡಗು ಬಂದಾಗ ನಾವಿಕರು ತಮಗೆ ತೋಚಿದ ಹಾಗೆ ತಾಮ್ರ ಕೊಟ್ಟರು. ಮೊದಲು ಒಂದು ಔನ್ಸ್‌ಗೆ ಬರುತ್ತಿದ್ದದ್ದು ಆಮೇಲೆ ಒಂದು ಪೌಂಡ್‌ಗೂ ಸಿಗಲಿಲ್ಲ ಅಂತ ವಸಾಹತಿನ ಮುಖಂಡರಲ್ಲಿ ಒಬ್ಬನಾದ ಜಾನ್ ಸ್ಮಿತ್‌ನ ಗುಂಪಿನವರು ಗೋಳಾಡಿದ್ದಾರೆ. ಒಂದು ಪೌಂಡ್‌ಗೆ 16 ಔನ್ಸ್, ಅಂದರೆ ಜೋಳದ ಬೆಲೆ 16 ಪಟ್ಟಿಗಿಂತ ಜಾಸ್ತಿ.

ಬರೀ ತಾಮ್ರ ಅಗ್ಗವಾದದ್ದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಆ ಭಾಗದ ಹಳೇ ಸೈಪ್ರೆಸ್ ಮರಗಳ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ, ಬರ ಬಂದರೆ ಸಣ್ಣದಾಗುವ ಉಂಗುರಗಳನ್ನು ಅಳೆದವರು 1998ರಲ್ಲಿ ಒಂದು ವಿಷಯ ಹೇಳಿದರು: 1606ರಿಂದ 1612ರವರೆಗಿನ ಏಳು ವರ್ಷ, 770 ವರ್ಷಗಳಲ್ಲೇ ಅತಿ ಒಣಗಿದ ಏಳು ವರ್ಷ. ಬರದಲ್ಲಿ ಜೋಳ ಬೆಳೆದವನ ಮನೆಯಲ್ಲೇ ಜೋಳ ಇಲ್ಲ. ಆಗ ಬಂದೂಕು ಹಿಡಿದವನು ಬಾಗಿಲಿಗೆ ಬಂದು ಮಾರು ಅನ್ನುತ್ತಾನೆ. ಕೊಟ್ಟರೆ ಮಕ್ಕಳಿಗೆ ಇಲ್ಲ, ಕೊಡದಿದ್ದರೆ ಊರಿಗೆ ಬೆಂಕಿ. ಜಗಳ ಹತ್ತಿದ್ದು ಇಲ್ಲಿ. ನದಿ ಒಣಗಿದಷ್ಟೂ ಉಪ್ಪು ಮೇಲೇರಿತು, ಹೊಲ ಒಣಗಿದಷ್ಟೂ ದ್ವೇಷ. ಎರಡಕ್ಕೂ ಮೂಲ ಒಂದೇ ಬರ.

1609ರ ಚಳಿಗಾಲಕ್ಕೆ ಪೊವ್ಹಾಟನ್ ಜನ ಜೇಮ್ಸ್‌ಟೌನ್ ಕೋಟೆಯನ್ನು ಸುತ್ತುವರಿದರು. ಒಳಗಿದ್ದ ಸುಮಾರು 300 ಜನರಲ್ಲಿ ಮೇ ತಿಂಗಳಿಗೆ ಉಳಿದವರು 60ರಷ್ಟು. ಕುದುರೆ, ನಾಯಿ, ಇಲಿ, ಎಲ್ಲ ಮುಗಿದ ಮೇಲೆ ಸತ್ತವರನ್ನೂ ತಿಂದರು. 2012ರಲ್ಲಿ ಅಲ್ಲಿ ಸಿಕ್ಕ 14 ವರ್ಷದ ಹುಡುಗಿಯ ತಲೆಬುರುಡೆಯ ಮೇಲಿನ ಕತ್ತಿಯ ಗುರುತುಗಳು ಅದನ್ನು ಖಚಿತ ಮಾಡಿದವು. 1610ರ ಆಗಸ್ಟ್‌ನಲ್ಲಿ ಇದೇ ಪರ್ಸಿ ಪಾಸ್ಪಹೆಗ್ ಊರನ್ನು ಸುಟ್ಟ, ಅವರ ರಾಣಿಯನ್ನೂ ಅವಳ ಮಕ್ಕಳನ್ನೂ ಕೊಲ್ಲಿಸಲಾಯಿತು. ಮೂರು ವರ್ಷದ ಹಿಂದೆ ಜೋಳ ತಂದು ಕೊಟ್ಟಿದ್ದವರ ಕುರಿತು ಬರೆದ ಕೈ ಅದು.

ಇನ್ನು ಬಾವಿಯ ವಿಷಯ. ನದಿ ನೀರು ಸರಿ ಇಲ್ಲ ಅಂತ ಕೋಟೆಯೊಳಗೇ ಬಾವಿ ತೋಡಿದ್ದರು. 1610ರಲ್ಲಿ ಬಂದ ವಿಲಿಯಂ ಸ್ಟ್ರೇಚಿ ಅದರ ಆಳ ಆರೇಳು ಫ್ಯಾದಮ್, ಅಂದರೆ 36ರಿಂದ 42 ಅಡಿ ಅನ್ನುತ್ತಾನೆ, ಉಪ್ಪು ನದಿ ಅದರೊಳಗೆ ಜಿನುಗುತ್ತದೆ, ಎಷ್ಟೋ ರೋಗಕ್ಕೆ ಅದೇ ಮುಖ್ಯ ಕಾರಣ ಅಂತಲೂ ಬರೆಯುತ್ತಾನೆ. ಸರಿಯಾಗಿಯೇ ಹಿಡಿದಿದ್ದ. ದಡದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಲೆಕ್ಕದ ಪ್ರಕಾರ ಮೇಲೆ ಒಂದಡಿ ಸಿಹಿನೀರು ಇಳಿದರೆ ಕೆಳಗಿನ ಉಪ್ಪು ಸುಮಾರು 40 ಅಡಿ ಮೇಲೇರುತ್ತದೆ. ಆಳ ತೋಡಿದರೆ ಒಳ್ಳೆ ನೀರು ಸಿಗುತ್ತದೆ ಅನ್ನುವವರಿಗೆ ನಾನು ಇವತ್ತಿಗೂ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುತ್ತೇನೆ.

ಅದೇ 1610ರಲ್ಲಿ ಬಂದ ಕಾನೂನನ್ನು ಓದಿದಾಗ ನನಗೆ ಆ ಅಂಗಳ ಕಣ್ಣಿಗೆ ಕಟ್ಟಿತು. ಬಾವಿಯಿಂದ 20 ಅಡಿಯೊಳಗೆ ಪಾತ್ರೆ ತೊಳೆಯಬಾರದು. ಬಟ್ಟೆ ಒಗೆದ ನೀರನ್ನು ಬೀದಿಗೆ ಚೆಲ್ಲಬಾರದು. ಕೋಟೆಯಿಂದ ಕಾಲು ಮೈಲಿಯೊಳಗೆ ಬಯಲಿಗೆ ಕೂರಬಾರದು. ತಪ್ಪಿದರೆ ಚಾಟಿ ಏಟು. ಇಷ್ಟನ್ನು ಬರೆಯಬೇಕಾಯಿತು ಅಂದರೆ ಮೂರು ವರ್ಷ ಅಲ್ಲಿ ಇದೆಲ್ಲ ನಡೆದಿತ್ತು ಅಂತ ಅರ್ಥ.

1611ರಲ್ಲಿ ನದಿಯ ಮೇಲ್ಭಾಗದ ಎತ್ತರದ ನೆಲದಲ್ಲಿ ಹೆನ್ರಿಕಸ್ ಅನ್ನುವ ಹೊಸ ಊರು ಕಟ್ಟಿದರು. ತಂಬಾಕು ಬಂತು, ಜನ ನದಿಯುದ್ದಕ್ಕೂ ಚದುರಿದರು. ರಾಜಧಾನಿ ಮಾತ್ರ ಆ ಜೌಗಿನಲ್ಲೇ ಉಳಿಯಿತು. ಅದನ್ನು ಎರಡು ನದಿಗಳ ನಡುವಿನ ದಿಬ್ಬಕ್ಕೆ, ಇವತ್ತಿನ ವಿಲಿಯಮ್ಸ್‌ಬರ್ಗ್‌ಗೆ, ಸಾಗಿಸಿದ್ದು 1699ರಲ್ಲಿ, ಬಂದು 92 ವರ್ಷ ಆದ ಮೇಲೆ.