ಎಂಬಿಎ ರೆಗ್ಯುಲರ್ರಾ, ಡಿಸ್ಟೆನ್ಸಾ? ಕೆಲಸ ಕೊಡುವವರು ನೋಡುವುದು ಏನನ್ನು?

ದಾವಣಗೆರೆಯಲ್ಲಿ ಕಂಪನಿಗಳಿಗೆ ಜನ ಹುಡುಕಿ ಕೊಡುವುದು ನನ್ನ ಕೆಲಸ. ಬಿಕಾಂ, ಬಿಬಿಎ ಮುಗಿಸಿದವರು ಬಂದು ಕೂತರೆ ಜಾಸ್ತಿ ಕೇಳುವುದು ಇದನ್ನೇ: ‘ಡಿಸ್ಟೆನ್ಸ್‌ನಲ್ಲಿ ಎಂಬಿಎ ಮಾಡಿದರೆ ಬೆಲೆ ಇರುತ್ತಾ ಸಾರ್?’

ಕಾನೂನಿನ ಲೆಕ್ಕದಲ್ಲಿ ಇದೆ. ಮಾನ್ಯತೆ ಇರುವ ಸಂಸ್ಥೆ ಕೊಟ್ಟ ದೂರಶಿಕ್ಷಣ, ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಸಂದರ್ಶನದ ಕೋಣೆಯಲ್ಲಿ ಮಾತ್ರ ಮಾತು ಬೇರೆ.

ಅನುಭವ ಇಲ್ಲದವರಿಗೆ ರೆಗ್ಯುಲರ್ ಮೇಲು. ಪಾಠ ಚೆನ್ನಾಗಿರುತ್ತದೆ ಅಂತಲ್ಲ. ಕ್ಯಾಂಪಸ್ ಸಂದರ್ಶನ, ಇಂಟರ್ನ್‌ಶಿಪ್, ನಾಲ್ಕು ಜನರ ಮುಂದೆ ನಿಂತು ಮಾತಾಡುವ ರೂಢಿ ಅಲ್ಲಿ ಸಿಗುತ್ತವೆ. (ಹೆಸರಿಗೆ ರೆಗ್ಯುಲರ್, ಹಾಜರಿ ಮಾತ್ರ ಡಿಸ್ಟೆನ್ಸ್ ಅನ್ನುವವರೂ ಇದ್ದಾರೆ, ಬಿಡಿ.) ಬೆಂಗಳೂರಿನ ಕೆಲವು ಕಂಪನಿಗಳು ಜಾಹೀರಾತಿನಲ್ಲೇ ‘ಫುಲ್ ಟೈಮ್ ಎಂಬಿಎ ಮಾತ್ರ’ ಎಂದು ಬರೆಯುತ್ತವೆ. ಅಲ್ಲಿ ವಾದ ಮಾಡಿ ಉಪಯೋಗವಿಲ್ಲ.

ಡಿಸ್ಟೆನ್ಸ್ ಅಂದಾಗ ಎದುರಿಗಿದ್ದವರು ಕೇಳುವುದು, ‘ಉಳಿದ ಹೊತ್ತು ಏನು ಮಾಡಿದಿರಿ?’ ಮನೆಯಲ್ಲಿ ಸುಮ್ನೆ ಕೂತಿದ್ದೆ ಅಂದರೆ ಅಲ್ಲಿಗೆ ಮುಗಿಯಿತು. ಎಪಿಎಂಸಿಯ ದಲಾಲಿ ಮಂಡಿಯಲ್ಲಿ ಮೆಕ್ಕೆಜೋಳದ ಸೀಸನ್ ಪೂರ್ತಿ ಲೆಕ್ಕ ಬರೆದಿದ್ದೀರಾ, ಜಿಎಸ್‌ಟಿ ರಿಟರ್ನ್ ಹಾಕಿದ್ದೀರಾ, ಬಾಕಿ ವಸೂಲಿಗೆ ಹಳ್ಳಿ ಸುತ್ತಿದ್ದೀರಾ? ಹಾಗಿದ್ದರೆ ಫೈನಾನ್ಸ್ ಕಂಪನಿಯವರು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳುತ್ತಾರೆ. ಇಲ್ಲಿನ ರೈಸ್ ಮಿಲ್ ಮಾಲೀಕರಂತೂ ಪದವಿ ಯಾವ ಬಗೆಯದು ಅಂತ ಕೇಳುವುದೇ ಅಪರೂಪ.

ನನಗೆ ಜಾಸ್ತಿ ಚಿಂತೆ ಮಾನ್ಯತೆಯದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವೆ ಸೇರಿದವರು ಪಟ್ಟ ಪಾಡು ಕಡಿಮೆಯಲ್ಲ. ಹಾಗಾಗಿ ಸಂಸ್ಥೆಯ ಹೆಸರು ನೋಡಿದರೆ ಸಾಲದು. ನೀವು ಸೇರುವ ವರ್ಷಕ್ಕೆ, ಅದೇ ಕೋರ್ಸ್‌ಗೆ ಅನುಮತಿ ಇದೆಯಾ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೋಡಿ. ಫೀಸ್ ಕಟ್ಟುವ ಮುಂಚೆ, ಆಮೇಲಲ್ಲ.

ರೆಸ್ಯೂಮೆಯಲ್ಲಿ ‘ಡಿಸ್ಟೆನ್ಸ್’ ಅನ್ನುವುದನ್ನು ಮುಚ್ಚಿಡಬೇಡಿ. ಅದೇ ಎರಡು ವರ್ಷ ಹರಿಹರದಲ್ಲಿ ಫುಲ್ ಟೈಮ್ ಕೆಲಸ, ಬೇರೆ ಊರಲ್ಲಿ ರೆಗ್ಯುಲರ್ ಎಂಬಿಎ ಅಂತ ಬರೆದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಕೈಗೆ ಬಂದ ಆಫರ್ ವಾಪಸ್ ಹೋಗುವುದು ಪದವಿಯ ಬಗೆಯಿಂದಲ್ಲ, ಆ ಸುಳ್ಳಿನಿಂದ. ‘ಮನೆ ನಡೆಸಬೇಕಿತ್ತು, ಕೆಲಸ ಬಿಡೋಕೆ ಆಗಲಿಲ್ಲ’ ಅಂದರೆ ಸಾಕು. ಮುಂದಿನ ಪ್ರಶ್ನೆ ಆ ಕೆಲಸದ ಬಗ್ಗೆಯೇ ಬರುತ್ತದೆ.